ಏಳು ದಿನದ ಗುಡಿಸಲು



ಯಹೂದಿಗಳ ಸುಕ್ಕೋತ್ ಮೂಲತಃ ಸುಗ್ಗಿಯ ಹಬ್ಬ. ಈಜಿಪ್ಟಿನ ದಾಸ್ಯದಿಂದ ಪಾರಾಗಿ ಮರುಭೂಮಿಯಲ್ಲಿ ಅಲೆದ ಹಿರಿಯರ ನೆನಪೂ ಅದಕ್ಕೆ ಸೇರಿದೆ. ಜೆರುಸಲೇಮಿನ ದೇವಾಲಯದಲ್ಲಿ ಆ ಏಳು ದಿನ 70 ಹೋರಿಗಳ ಬಲಿಯ ವಿಧಿಯಿತ್ತು! ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು, ಬಲಿ ನಿಂತಿತು. ಹಬ್ಬ ನಿಲ್ಲಲಿಲ್ಲ. ಅದು ಮನೆಯಂಗಳದ ಗುಡಿಸಲಿನಲ್ಲಿ ಉಳಿಯಿತು. ಸೊಪ್ಪುಸದೆಯ ಅದರ ಮಾಡು ಹಗಲು ನೆರಳು ಕೊಡಬೇಕು, ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಸಿರಿವಂತನೂ ಅಲ್ಲೇ ಕೂತು ಉಣ್ಣಬೇಕು.

ಈ ಹಬ್ಬದ ಸಂತೋಷದಲ್ಲಿ ಆಳುಕಾಳು, ಪರದೇಶಿ, ಅನಾಥರು, ವಿಧವೆಯರು ಕೂಡಿರಬೇಕೆಂದು ಅವರ ಧರ್ಮಗ್ರಂಥ ವಿಧಿಸಿದೆ. ಅಲ್ಲಿಗೆ ಬಂದಾಗ ನನ್ನ ಓದು ನಿಂತಿತು. ವಿಧವೆಯನ್ನು ಅರಿಶಿನ ಕುಂಕುಮಕ್ಕೆ ಕರೆಯದ ಮನೆಗಳು, ಕೊರಳಲ್ಲಿ ಲಿಂಗ ಕಟ್ಟಿದ ನಮ್ಮಲ್ಲೇ ಇನ್ನೂ ಇವೆ.