ನೋವನ್ನು ನೋಡುವ ಬಗೆ

ಬೀದಿಯ ಬದಿಯಲ್ಲಿ ಬಿದ್ದ ರೋಗಿಯನ್ನು ಕಂಡರೆ ನಾವು ಮುಖ ತಿರುಗಿಸಿ ನಡೆಯುತ್ತೇವೆ. ಅದೇ ರೋಗಿಯ ಚಿತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗಿದರೆ ನಿಂತು ನೋಡುತ್ತೇವೆ. ಇದು ಕರುಣೆಯೋ, ಬರಿಯ ಕುತೂಹಲವೋ? ಸ್ಪೇನ್ ದೇಶದ ದಾರಿಯೊ ವಿಯಾಲ್ಬ ಎಂಬ ಕಲಾವಿದನ ಕೃತಿಗಳ ಮುಂದೆ ನಿಂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ವಿಯಾಲ್ಬ ಹುಟ್ಟಿದ್ದು 1939ರಲ್ಲಿ, ಸ್ಯಾನ್ ಸೆಬಾಸ್ಟಿಯನ್ ನಗರದಲ್ಲಿ. ಹದಿಹರೆಯದಲ್ಲಿಯೇ, 1956ರ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ, ಸ್ಪೇನಿನ ಪರವಾಗಿ ಹಿಮದ ಹಾಸಿನ ಮೇಲೆ ಸ್ಕೇಟಿಂಗ್ ಮಾಡಿದವನು. ದೇಹದ ಚೆಲುವನ್ನೂ ಬಲವನ್ನೂ ಹೀಗೆ ಬಲ್ಲವನು ಮುಂದೆ ತನ್ನ ಕಲೆಗೆ ಆರಿಸಿಕೊಂಡದ್ದು ಬಲವಿಲ್ಲದವರನ್ನು: ರೋಗಿಗಳು, ಬುದ್ಧಿ ಕದಡಿದವರು, ಸೆರೆಯಾಳುಗಳು, ಮನೆಮಾರಿಲ್ಲದವರು.

ಅವನ ಹೆಸರಾದ ಕೃತಿಗಳಿಗೆ ‘ಎನ್‌ಕಾಪ್ಸುಲಾದೋಸ್’ ಎಂದು ಹೆಸರು. ಸಂಪುಟದಲ್ಲಿ ಮುಚ್ಚಿಟ್ಟವರು ಎಂದರ್ಥ. ಮನುಷ್ಯನ ರೂಪವನ್ನು ಆಳೆತ್ತರಕ್ಕೆ ಹಿಗ್ಗಿಸಿ, ಗುಳ್ಳೆಯಂತೆ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ನಿಲ್ಲಿಸುತ್ತಿದ್ದ, ಇಲ್ಲವೆ ಮೇಲಿನಿಂದ ತೂಗಬಿಡುತ್ತಿದ್ದ. ಮೊದಲಿನವು ಗುಲಾಬಿ ಬಣ್ಣದವು. ಅನಂತರ ಕಪ್ಪುಬಿಳುಪು ಛಾಯಾಚಿತ್ರಗಳೇ ಪ್ರಧಾನವಾದವು. 1970ರಲ್ಲಿ ಇವು ವೆನಿಸ್ಸಿನ ಪ್ರದರ್ಶನದಲ್ಲಿ ಸ್ಪೇನನ್ನು ಪ್ರತಿನಿಧಿಸಿದವು. ಆಗ ಅಲ್ಲಿ ಫ್ರಾಂಕೋನ ಸರ್ವಾಧಿಕಾರ ನಡೆದಿತ್ತೆಂಬುದನ್ನು ನೆನೆಯಬೇಕು. 1973ರಲ್ಲಿ ಸಾವೊ ಪೌಲೊ ನಗರದ ಪ್ರದರ್ಶನದಲ್ಲಿ ಅವನಿಗೆ ಅಂತಾರಾಷ್ಟ್ರೀಯ ಚಿತ್ರಕಲಾ ಬಹುಮಾನ ದೊರೆಯಿತು.

ಛಾಯಾಚಿತ್ರವಿದ್ದ ಮೇಲೆ ಕುಂಚವೇಕೆ ಎಂದು ನೀವು ಕೇಳಬಹುದು. ಕ್ಯಾಮರಾ ಕ್ಷಣಾರ್ಧದಲ್ಲಿ ಸಾಕ್ಷಿ ನುಡಿಯುತ್ತದೆ: ಇಂಥವನೊಬ್ಬನಿದ್ದ, ಹೀಗಿದ್ದ. ಆದರೆ ಅದು ಅಷ್ಟೇ ಬೇಗ ಮುಂದಕ್ಕೂ ಹೋಗಿಬಿಡುತ್ತದೆ. ಕುಂಚ ಹಿಡಿದವನು ಆ ಮುಖದ ಮುಂದೆ ಬಹಳ ಹೊತ್ತು ಕೂರಲೇಬೇಕು. ವಿಯಾಲ್ಬ ಮುಂದೆ ಬೆಳಕಿಗೆ ಪ್ರತಿಕ್ರಿಯಿಸುವ ರಾಸಾಯನಿಕವನ್ನು ಬಟ್ಟೆಗೆ ಬಳಿದು, ಅದರ ಮೇಲೆ ಛಾಯಾಚಿತ್ರ ಮೂಡಿಸಿ, ಡಾಂಬರಿನಂಥ ಕಪ್ಪು ಬಣ್ಣದಿಂದ ಬರೆದ. ಅವನು ತನ್ನನ್ನು ಚಿತ್ರಕಾರನೆಂದೇ ತಿಳಿದಿದ್ದ.

ಲೋಕದ ಶೋಕ ಬೇರೆ, ಕಾವ್ಯದ ಕರುಣರಸ ಬೇರೆ ಎಂದು ನಮ್ಮ ಆಲಂಕಾರಿಕರು ವಿವೇಚಿಸಿದ್ದಾರೆ. ಆದರೆ ನಾಟಕದ ರಾಜನ ದುಃಖವನ್ನು ಕವಿ ಕಟ್ಟಿದ್ದು. ಛಾಯಾಚಿತ್ರದ ರೋಗಿಯ ದುಃಖ ಅವನದೇ. ಅವನಿಗೆ ಹೆಸರಿಲ್ಲ, ಬಹುಮಾನ ಬಂದದ್ದು ಕಲಾವಿದನಿಗೆ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ವಿಯಾಲ್ಬನ ಪರವಾಗಿ ಒಂದು ಮಾತು ಹೇಳಬಹುದು: ನಾವು ಆ ರೋಗಿಗೆ ಹತ್ತಿರದವರೆಂಬ ಸುಳ್ಳನ್ನು ಅವನು ಹೇಳಲಿಲ್ಲ. ನಡುವಿನ ಪಾರದರ್ಶಕ ಗೋಡೆಯನ್ನು ಕಣ್ಣಿಗೆ ಕಾಣುವಂತೆ ನಿಲ್ಲಿಸಿದ. ಅದರ ನುಣುಪು ಮೈಯಲ್ಲಿ ನೋಡುವವನ ನೆರಳೂ ತೇಲುತ್ತದೆ.

ಸ್ಪೇನಿಗೆ ಇದು ಹೊಸ ದಾರಿಯೇನಲ್ಲ. ಕಾಯಿಲೆಯಿಂದ ಕಿವುಡನಾದ ಗೋಯಾ ಹುಚ್ಚರ ಶಾಲೆಯನ್ನು ಚಿತ್ರಿಸಿದ್ದಾನೆ. ಆ ಚಿತ್ರ ಮ್ಯಾಡ್ರಿಡ್ಡಿನ ಸ್ಯಾನ್ ಫರ್ನಾಂಡೊ ಕಲಾ ಅಕಾಡೆಮಿಯಲ್ಲಿದೆ. ಅದೇ ಅಕಾಡೆಮಿ ವಿಯಾಲ್ಬನನ್ನೂ ಸದಸ್ಯನನ್ನಾಗಿ ಮಾಡಿಕೊಂಡಿತು. 2018ರಲ್ಲಿ ಅವನು ತೀರಿಕೊಂಡ.

ದುಃಖಿಗಳ ಭಾವಚಿತ್ರಗಳು ನಮಗೂ ದಿನಪತ್ರಿಕೆಯ ಜೊತೆಯಲ್ಲಿ ಮನೆಬಾಗಿಲಿಗೆ ಬರುತ್ತವೆ. ಹಾಳೆ ಮಗುಚುವ ಮೊದಲು, ಈತನ ಹೆಸರೇನಿದ್ದೀತು, ಚಿತ್ರ ತೆಗೆಯುವಾಗ ಈತನನ್ನು ಯಾರಾದರೂ ಕೇಳಿದ್ದರೇ ಎಂದು ಒಮ್ಮೆ ಯೋಚಿಸಿ ನೋಡಿ.