ಮಂದೆ ಹಾಕಿಸಿದ ಹೊಲ

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ದಾರಿ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುತ್ತದೆ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆಡುವುದು ಕನ್ನಡವೇ. ಮುಂಗಾರು ಮೋಡ ಪಶ್ಚಿಮ ಘಟ್ಟ ದಾಟಿ ಬರುವಷ್ಟರಲ್ಲಿ ಬರಿದಾಗಿರುತ್ತದೆ, ಹಿಂಗಾರು ಕರಾವಳಿಯಿಂದ ಇಷ್ಟು ಒಳಕ್ಕೆ ಬರುವಾಗ ಸೊರಗಿರುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ, ಅಷ್ಟೇ. ಅದನ್ನು ನಂಬಿಕೊಂಡು ಕಡಲೆಕಾಯಿ ಬಿತ್ತುವ ಜನ ಅವರು.

ಯುಗಾದಿ ಕಳೆದ ಈ ದಿನಗಳಲ್ಲಿ ಆ ಸೀಮೆಯ ಒಂದು ಒಕ್ಕಲು ಮನೆಯಲ್ಲಿ ಈ ವಾರ ಕಂಡದ್ದು ನನ್ನ ಮನಸ್ಸಿನಲ್ಲಿ ತಿರುಗುತ್ತಲೇ ಇದೆ. ಅಪ್ಪ, ಅಮ್ಮ, ಮಗ, ಸೊಸೆ ಸೇರಿ ದುಡಿಯುವ ಮನೆ. ಒಂದಿಷ್ಟು ಖುಷ್ಕಿ ಹೊಲ, ಬೋರ್‌ವೆಲ್ ನೀರಿಗೆ ತಕ್ಕಷ್ಟು ಹಿಪ್ಪುನೇರಳೆ, ಎರಡು ಹಸು, ನಾಲ್ಕು ಕೋಳಿ, ಬದುವಿನಲ್ಲಿ ಹುಣಸೆ ಮರ. ಹೊಲದಲ್ಲಿ ಹಸಿರಿಲ್ಲದಿದ್ದರೂ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹುಳು ಸಾಕುವ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿ, ಅದು ಒಣಗದಂತೆ ಮಗ ನೀರು ಚಿಮುಕಿಸುತ್ತಿದ್ದ. ಬಿಸಿಲು ಒಳಗೆ ಬಂದರೆ ರೇಷ್ಮೆ ಹುಳು ಉಳಿಯುವುದಿಲ್ಲ, ಹಿಂದೂಪುರದ ಮಾರುಕಟ್ಟೆಗೆ ಗೂಡು ಹೋಗುವುದಿಲ್ಲ. ಜಗಲಿಯ ಮೇಲೆ ಅತ್ತೆ ಸೊಸೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಸಿಪ್ಪೆ ಒಂದು ಕಡೆ, ನಾರು ಒಂದು ಕಡೆ. ಹಣ್ಣನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿದರೆ ಬೀಜ ಹೊರಕ್ಕೆ ಬರುತ್ತದೆ. ಆ ಬೀಜಕ್ಕೂ ಗಿರಾಕಿ ಇದ್ದಾರೆ. ಒಳಗೆ ಅಟ್ಟದ ಮೇಲೆ ಕಡಲೆಕಾಯಿ ಮೂಟೆ. ಬಿತ್ತನೆಗೆ ಇಟ್ಟದ್ದು. ಸುಲಿದರೆ ಮೊಳಕೆಯ ಶಕ್ತಿ ಕುಂದುತ್ತದೆಂದು ಸಿಪ್ಪೆ ಸಮೇತ ಇಟ್ಟಿರುತ್ತಾರೆ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲೂ ಆ ಮೂಟೆಗೆ ಯಾರೂ ಕೈ ಹಾಕುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಾವುದೂ ಅಲ್ಲ. ಹಿತ್ತಲಾಚೆಯ ಹೊಲದಲ್ಲಿ ಕುರಿ ಮಂದೆ ಹಾಕಿಸಿದ್ದರು.

ಹಳ್ಳಿಯ ಕೇಳುಗರಿಗೆ ಇದನ್ನು ಹೇಳಬೇಕಾಗಿಲ್ಲ. ಪೇಟೆಯಲ್ಲೇ ಬೆಳೆದವರಿಗಾಗಿ ಹೇಳುತ್ತೇನೆ. ಕೊಯ್ಲಾದ ಮೇಲೆ ಕುರಿಗಾಹಿಗಳು ನೂರಾರು ಕುರಿಗಳನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ಹಗಲೆಲ್ಲ ಕೂಳೆ, ಕುರುಚಲು ಮೇಯಿಸಿ, ರಾತ್ರಿ ರೈತನ ಹೊಲದಲ್ಲಿ ಬಲೆ ಕಟ್ಟಿ ಕೂಡುತ್ತಾರೆ. ಕುರಿ ಮಲಗಿದ ನೆಲಕ್ಕೆ ಹಿಕ್ಕೆಯೂ ಗಂಜಲವೂ ಬೀಳುತ್ತವೆ. ಮರುದಿನ ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ರಾತ್ರಿಗೊಂದು ತುಂಡಿನಂತೆ ಇಡೀ ಹೊಲಕ್ಕೆ ಗೊಬ್ಬರವಾಗುತ್ತದೆ. ಬಿಸಿಲಿಗೆ ಸಾರ ಹಾರಿಹೋಗದಿರಲೆಂದು ರೈತ ಬೇಗ ಉತ್ತು ಮಣ್ಣಿಗೆ ಬೆರೆಸುತ್ತಾನೆ. ಇದಕ್ಕೆ ದುಡ್ಡು ಕೊಡುವವನು ರೈತ. ದುಡ್ಡಿಲ್ಲದಿದ್ದರೆ ರಾಗಿ ಕೊಡುತ್ತಾನೆ. ಕುರಿಗಾಹಿಗಳಿಗೆ ರಾತ್ರಿ ಊಟವೂ ಆ ಮನೆಯದೇ.

ಅದೇ ಮಾತು ಜಗಲಿಯ ಮೇಲೆ ಬಂತು. ಸೊಸೆ ಕೈಯಲ್ಲಿದ್ದ ಹುಣಸೆಹಣ್ಣು ಬಿಡಿಸುತ್ತಲೇ ಹೇಳಿದಳು: "ಮಂದೆಗೆ ಕೊಟ್ಟ ದುಡ್ಡಲ್ಲಿ ಸರ್ಕಾರಿ ಗೊಬ್ಬರ ತರಬಹುದಾಗಿತ್ತಲ್ಲ ಮಾವ?" ಲೆಕ್ಕ ಬಲ್ಲ ಹೆಣ್ಣುಮಗಳು; ಕೇಳಿದ್ದರಲ್ಲಿ ತಪ್ಪಿಲ್ಲ. ಮಾವ ಸಿಟ್ಟಾಗಲಿಲ್ಲ. "ತರಬಹುದಾಗಿತ್ತಮ್ಮ. ಅದು ಬೆಳೆಗೆ ಆಗುತ್ತೆ, ಇದು ಭೂಮಿಗೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಹೊಲ ನಮಗೇನೂ ಕೊಡಲ್ಲ ಸ್ವಾಮಿ. ಹಂಗಂತ ನಾವು ಅದಕ್ಕೆ ಉಣಿಸೋದು ಬಿಡಕ್ಕಾಗುತ್ತಾ?" ಎಂದರು.

ಈ ಮಾತನ್ನು ನಾನು ಮತ್ತೆ ಮತ್ತೆ ಹೇಳಿಕೊಂಡಿದ್ದೇನೆ. ಹೊಲ ಏನೂ ಕೊಡದ ಕಾಲ ಇದು. ಮುಂಗಾರು ಬಂದೇ ಬರುತ್ತದೆಂದು ಆ ಸೀಮೆಯಲ್ಲಿ ಯಾರೂ ಆಣೆ ಮಾಡಿ ಹೇಳಲಾರರು. ಆದರೂ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವುದು ಈಗಲೇ, ಬತ್ತಿದ ಕೆರೆಯ ಗೋಡು ಹೊಡೆಯುವುದು ಈಗಲೇ, ಮಂದೆ ಹಾಕಿಸುವುದೂ ಈಗಲೇ. ಫಲ ಕೈಗೆ ಬಂದಾಗ ಭೂಮಿತಾಯಿಗೆ ಕೈ ಮುಗಿಯುವುದು ಎಲ್ಲರಿಂದಲೂ ಆಗುತ್ತದೆ. ಬರಿದಾಗಿ ಬಿದ್ದಿರುವಾಗ ಅವಳಿಗೆ ಉಣಿಸುವುದಕ್ಕೆ ಬೇರೆಯೇ ಮನಸ್ಸು ಬೇಕು.

ಮನುಷ್ಯರ ವಿಷಯದಲ್ಲಿ ನಾವು ಹೀಗೆ ನಡೆದುಕೊಳ್ಳುತ್ತಿದ್ದೇವೆಯೇ? ಅಧಿಕಾರದಲ್ಲಿದ್ದವರ ಮನೆಗೆ ಹಣ್ಣಿನ ಬುಟ್ಟಿ ತಾನಾಗಿ ಹೋಗುತ್ತದೆ; ನಿವೃತ್ತರಾದ ಮರುವರ್ಷ ಆ ಬೀದಿಗೇ ನಮ್ಮ ಕಾಲು ತಿರುಗುವುದಿಲ್ಲ. ದುಡಿಯುವಷ್ಟು ದಿನ ಅಪ್ಪನ ಮಾತಿಗೆ ಬೆಲೆ; ಮೂಲೆ ಸೇರಿದ ಮೇಲೆ ಅವರ ಔಷಧಿಯ ಖರ್ಚನ್ನು ಅಣ್ಣತಮ್ಮಂದಿರು ಭಾಗ ಹಾಕುತ್ತಾರೆ. ಅಕ್ಷರ ಕಲಿಸಿದ ಊರ ಶಾಲೆಗೆ ಮಕ್ಕಳು ಕಡಿಮೆಯಾದರೆ, ಮುಚ್ಚಿಹೋಗಲಿ ಬಿಡು ಎನ್ನುತ್ತೇವೆ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಒಂದು ಒಳ್ಳೆಯ ಮಾತು ಆಡಲು ಅಂಕಪಟ್ಟಿ ಬರಲಿ ಎಂದು ಕಾಯುತ್ತೇವೆ. ಕೊಡುವವರಿಗೆ ಕೊಡುವುದನ್ನೇ ನಾವು ಸಂಬಂಧ ಎಂದುಕೊಂಡಿದ್ದೇವೆ.

ಆ ಮನೆಯವರೇನೂ ಉಳ್ಳವರಲ್ಲ. ಮಂದೆಗೆ ಕೊಟ್ಟದ್ದು ಹುಣಸೆಹಣ್ಣು ಮಾರಿದ ದುಡ್ಡು. ಅದರಲ್ಲಿ ಸೊಸೆಗೊಂದು ಸೀರೆ ಬರುತ್ತಿತ್ತು, ಸಾಲದ ಒಂದು ಕಂತು ತೀರುತ್ತಿತ್ತು. ಆದ್ದರಿಂದ ನನ್ನ ಹತ್ತಿರ ಹೆಚ್ಚಾದಾಗ ಕೊಡುತ್ತೇನೆ ಎಂಬ ಮಾತನ್ನು ಇನ್ನು ಮೇಲೆ ನಾನು ಸುಲಭವಾಗಿ ಒಪ್ಪಲಾರೆ. ಹೆಚ್ಚಾಗುವುದು ಎಂದಿಗೂ ಇಲ್ಲ. ಇದ್ದುದರಲ್ಲೇ ಎತ್ತಿಡಬೇಕು.

ನಿಮಗೂ ನೆನಪಾಗುವವರು ಒಬ್ಬರಿರುತ್ತಾರೆ. ಒಂದು ಕಾಲಕ್ಕೆ ನಿಮಗೆ ತುಂಬ ಕೊಟ್ಟು, ಈಗ ಕೊಡಲು ಏನೂ ಇಲ್ಲದೆ ಸುಮ್ಮನೆ ಕುಳಿತವರು. ಈ ಭಾನುವಾರ ಅವರ ಮನೆಗೆ ಹೋಗಿ ಬನ್ನಿ. ಕೆಲಸವೇನೂ ಇಲ್ಲದೆ ಹೋಗಿ. ಅವರಿಗೆ ಮತ್ತೆ ಒಳ್ಳೆಯ ಕಾಲ ಬಂದ ಮೇಲೆ ಹೋದರೆ ಅದಕ್ಕೆ ಜನ ಬೇರೆಯೇ ಹೆಸರಿಡುತ್ತಾರೆ, ಮತ್ತು ಆ ಹೆಸರು ಸರಿಯಾಗಿಯೇ ಇರುತ್ತದೆ.