ಮಿದುಳಿನ ಎರಡನೆಯ ಚಿತ್ರ



ಏಡ್ಸ್‌ನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಟಾಕ್ಸೊಪ್ಲಾಸ್ಮಾ, ಕ್ಷಯ ಮುಂತಾದ ಸೋಂಕುಗಳು ಮಿದುಳಿಗೂ ತಗಲಬಹುದು. ತಲೆನೋವು, ಜ್ವರ, ಮೂರ್ಛೆ ಇದರ ಲಕ್ಷಣಗಳು. ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಇವೆರಡೂ ಹಲವೊಮ್ಮೆ ಉಂಗುರಾಕಾರದ ಕಲೆಗಳಾಗಿಯೇ ಕಾಣುವುದರಿಂದ, ಒಂದೇ ಚಿತ್ರದಿಂದ ರೋಗವನ್ನು ನಿರ್ಧರಿಸುವುದು ಕಷ್ಟ. ಟಾಕ್ಸೊಪ್ಲಾಸ್ಮಾ ಎಂಬ ಶಂಕೆಯಿದ್ದರೆ ವೈದ್ಯರು ಔಷಧಿ ಆರಂಭಿಸಿ, ಸುಮಾರು 2 ವಾರಗಳ ಬಳಿಕ ಮತ್ತೆ ಚಿತ್ರ ತೆಗೆಸುತ್ತಾರೆ. ಕಲೆ ಕುಗ್ಗಿದ್ದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ. ಇಲ್ಲವಾದರೆ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ. ಕ್ಷಯದ ಗಂಟು ಕರಗಲು ತಿಂಗಳುಗಳೇ ಬೇಕು.

ತಲೆನೋವು ಶಮನವಾಯಿತೆಂದು ಔಷಧಿಯನ್ನು ನಿಲ್ಲಿಸಬೇಡಿ. ಚಿಕಿತ್ಸೆಯ ನಡುವೆ ಊರಿಗೆ ತೆರಳುವವರು ಹಳೆಯ ಚಿತ್ರಗಳನ್ನು ಜೊತೆಯಲ್ಲೇ ಒಯ್ಯಿರಿ. ಹೋಲಿಕೆಗೆ ಅವೇ ಆಧಾರ. ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ 2004ರಿಂದ ಎಚ್.ಐ.ವಿ. ಔಷಧಿಯನ್ನು ಉಚಿತವಾಗಿ ನೀಡಲಾಗುತ್ತಿದೆ. ಸಲಹೆಗೆ ಶುಲ್ಕರಹಿತ ದೂರವಾಣಿ: 1097.